ಸಾಸಿವೆ ಮೀನು ಮತ್ತು ಅತ್ತೆಯ ಉಂಗುರ

ಮೊದಲು ತಮ್ಮ ಬೆರಳನ್ನು ಮುಟ್ಟಿ ನೋಡಿಕೊಂಡವರು ಅತ್ತೆಯೇ. ಆಮೇಲೆ ಪಕ್ಕದ ಪುಟ್ಟ ಬಿಳಿ ಬಟ್ಟಲಿನೊಳಗೆ ಇಣುಕಿದರು. ಮೀನು ತಿನ್ನುವ ಮುಂಚೆ ಕಳಚಿಟ್ಟಿದ್ದ ಕೆಂಪು ಕಲ್ಲಿನ ಉಂಗುರ ಅದರಲ್ಲಿ ಇರಲಿಲ್ಲ.

"ಉಂಗುರ ಎಲ್ಲಿ?" ಅಂದರು, ಯಾರ ಮುಖವನ್ನೂ ನೋಡದೆ.

ಸೊಸೆ ಆಗಷ್ಟೇ ಕೈ ತೊಳೆದು ಬಂದು ಕುರ್ಚಿಯ ಅಂಚಿಗೆ ಕೂತಿದ್ದಳು. ಅಂಗಡಿಯ ಕಾವಲುಗಾರ ಸುಮ್ಮನೆ ನೋಡಿದರೂ ಏನೋ ಕದ್ದವಳಂತೆ ಹೆಜ್ಜೆ ತಪ್ಪುವ ಸ್ವಭಾವ ಅವಳದು. ಅತ್ತೆಯ ಪಕ್ಕದಲ್ಲಿ ಕೂತಿದ್ದವಳೂ ಅವಳೇ, ಮೇಜು ಬಿಟ್ಟು ಎದ್ದು ಹೋಗಿದ್ದವಳೂ ಅವಳೇ. ಸಾಲದ್ದಕ್ಕೆ, ಊಟ ಮುಗಿದ ಮೇಲೆ ಆ ಉಂಗುರವನ್ನು ಅತ್ತೆ ತಮ್ಮ ಮಗಳ ಕೈಗೆ ಹಾಕುವುದೆಂದು ಮಾತಾಗಿತ್ತು. ಸೊಸೆಗೆ ಹೊಟ್ಟೆಯುರಿ ಎನ್ನಲು ಇನ್ನೇನು ಬೇಕು?

ಆ ಬಂಗಾಳಿ ಹೋಟೆಲಿನಲ್ಲಿ ಎಲ್ಲವನ್ನೂ ಒಟ್ಟಿಗೆ ಬಡಿಸುತ್ತಿರಲಿಲ್ಲ. ಮೊದಲು ಕಹಿಯ ಪಲ್ಯ, ಆಮೇಲೆ ಬೇಳೆ, ಆಮೇಲೆ ಸಾಸಿವೆ ಅರೆದು ಹಾಕಿದ ಮೀನು. ಒಂದರ ತಟ್ಟೆ ಹೋದ ಮೇಲಷ್ಟೇ ಇನ್ನೊಂದು. ಮೀನಿನ ಮೈತುಂಬ ಕೂದಲೆಳೆಯಂಥ ಮುಳ್ಳು. ಅಭ್ಯಾಸವಿಲ್ಲದ ಸೊಸೆ ಎರಡೂ ಕೈ ಹಚ್ಚಿ ಬಿಡಿಸಿ, ಮಣಿಕಟ್ಟಿನವರೆಗೆ ಹಳದಿ ಮಾಡಿಕೊಂಡಿದ್ದಳು. ಬಡಿಸುವವನು ಮೀನಿನ ತಟ್ಟೆಗಳನ್ನು ಒಯ್ದಾಗ ಉಂಗುರ ಬಟ್ಟಲಿನಲ್ಲೇ ಹೊಳೆಯುತ್ತಿದ್ದುದನ್ನು ಅವಳು ಕಂಡಿದ್ದಳು. ಅವನು ಕೈ ತೊಳೆಯಲು ಬಿಸಿನೀರಿನ ಬೋಗುಣಿ ತಂದಿಟ್ಟ. ತನ್ನ ಕೈಗೆ ಅದೆಲ್ಲಿ ಸಾಕು ಎಂದು ಅವಳು ಮೊಣಕೈಯಿಂದ ಕುರ್ಚಿ ಸರಿಸಿಕೊಂಡು, ಕೈಗಳನ್ನು ಎತ್ತಿ ಹಿಡಿದು ನಲ್ಲಿಯ ಕಡೆ ಹೋಗಿದ್ದಳು. ಮರಳುವಷ್ಟರಲ್ಲಿ ಮಣ್ಣಿನ ಕುಡಿಕೆಗಳಲ್ಲಿ ಸಿಹಿ ಮೊಸರು ಬಂದಿತ್ತು.

ಈಗ ಮ್ಯಾನೇಜರ್ ಓಡಿ ಬಂದ. ಬಡಿಸುವವನ ಜೇಬುಗಳನ್ನು ಎಲ್ಲರೆದುರೇ ಹೊರಗೆ ತೆಗೆಸಿದ. ಏನೂ ಸಿಗಲಿಲ್ಲ. ಆಗ ನಾದಿನಿ, ಗಂಡನ ಅಕ್ಕ, ಸೊಸೆಯತ್ತ ತಿರುಗಿದಳು.

"ತಪ್ಪು ತಿಳ್ಕೋಬೇಡ. ನಿನ್ನ ಚೀಲಾನೂ ಒಂದ್ಸಲ ನೋಡಿಬಿಡೋಣ, ಮನಸ್ಸಿಗೆ ಸಮಾಧಾನ."

ಒಪ್ಪಿಗೆಗೂ ಕಾಯದೆ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಬಾಚಣಿಗೆ, ಬೀಗದ ಕೈ, ನಿದ್ದೆಯ ಮಾತ್ರೆ, ಅರ್ಧ ತಿಂದ ಚಾಕಲೇಟು. ಪಕ್ಕದ ಮೇಜಿನವರ ಬಾಯಾಡುವುದು ನಿಂತಿತು. ಗಂಡ ಕಾಗದದ ಕರವಸ್ತ್ರವನ್ನು ಹೊಸೆಯುತ್ತ ಕೂತಿದ್ದ. ನಲ್ಲಿಯ ಹತ್ತಿರ ಎಲ್ಲಾದರೂ ಬಚ್ಚಿಟ್ಟಿರಬಹುದೆಂದು ನಾದಿನಿ ಅಲ್ಲಿಗೂ ಹೋಗಿ ತಡಕಿ ಬಂದಳು. ಉಂಗುರ ಈಗಲೇ ಸಿಗದಿದ್ದರೆ ಆ ಮನೆಯಲ್ಲಿ ತಾನು ಸಾಯುವತನಕ 'ಉಂಗುರ ಹೋದ ದಿನ ಎದ್ದು ಹೋಗಿದ್ದವಳು' ಎಂಬುದು ಸೊಸೆಗೆ ಗೊತ್ತಾಯಿತು. ತಲೆ ಎತ್ತಲಾರದೆ ಅವಳು ಎದುರಿಗಿದ್ದುದನ್ನೇ ನೋಡಿದಳು. ಅವಳ ಕುಡಿಕೆಯ ಮೊಸರು ಕೆನೆಗಟ್ಟಿ ನಯವಾಗಿತ್ತು. ಪಕ್ಕದಲ್ಲಿ, ಹೊಟ್ಟೆ ತುಂಬಿತು, ಕಟ್ಟಿಸಿಕೊಂಡು ಹೋಗೋಣ ಎಂದು ಅತ್ತೆ ಸರಿಸಿಟ್ಟ ಕುಡಿಕೆಯ ಅಂಚಿನಲ್ಲಿ ತಿಳಿನೀರು ನಿಂತಿತ್ತು.

"ಎಲ್ಲರೂ ಕೂತ್ಕೊಳ್ಳಿ," ಎಂದರು ವಾರ್ಡನ್.

ಮಾವನ ಅಕ್ಕ ಅವರು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು, ನಿವೃತ್ತಿಯಾದ ಮೇಲೆ ಇವರ ಮನೆಯಲ್ಲೇ ಇದ್ದರು. ಉಪ್ಪಿನಕಾಯಿ ಭರಣಿ ಖಾಲಿ ಮಾಡಿದವರಿಂದ ಹಿಡಿದು ಗೋಡೆಗೆ ಚೆಂಡು ಹೊಡೆದವರವರೆಗೆ ಅವರ ಕಣ್ಣು ತಪ್ಪಿಸಿದವರಿರಲಿಲ್ಲ. ಮ್ಯಾನೇಜರನ್ನೂ ಬಡಿಸುವವನನ್ನೂ ಹೋಗಬೇಡಿ ಎಂದು ನಿಲ್ಲಿಸಿಕೊಂಡರು.

"ಬಡಿಸೋ ಇವರು ಮೀನಿನ ತಟ್ಟೆ ಒಯ್ದಾಗ ಉಂಗುರ ಬಟ್ಟಲಲ್ಲೇ ಇತ್ತು, ನಾನು ನೋಡ್ದೆ. ಬೋಗುಣಿ, ಮೊಸರು ತಂದಾಗ ನಿಂತಿದ್ದು ನನ್ನ ಪಕ್ಕ. ಅಲ್ಲಿಂದ ಬಟ್ಟಲು ಎಟುಕಲ್ಲ. ಇವರನ್ನ ಬಿಡಿ. ಇನ್ನು ಇವಳು. ಎದ್ದಾಗ ಎರಡೂ ಕೈ ಸಾಸಿವೆ. ಬಟ್ಟಲು ನೋಡಿ, ಒಂದು ಹಳದಿ ಚುಕ್ಕೆ ಇದೆಯಾ?"

ಬಟ್ಟಲು ಹಾಲಿನಂತೆ ಬೆಳ್ಳಗಿತ್ತು.

"ತೊಳ್ಕೊಂಡು ಬಂದ್ಮೇಲೆ ತೆಗೆದಿರ್ಬಹುದಲ್ಲ," ಎಂದಳು ನಾದಿನಿ.

"ಕೂತ ತಕ್ಷಣ ನಿಮ್ಮಮ್ಮ ಉಂಗುರ ಎಲ್ಲಿ ಅಂದ್ಳಲ್ಲ. ಕೈಗೆ ಪುರುಸೊತ್ತೆಲ್ಲಿತ್ತು? ಅಂದ್ರೆ ಉಂಗುರ ಹೋಗಿದ್ದು ಇವಳು ನಲ್ಲಿ ಹತ್ರ ಇದ್ದಾಗ. ಆಗ ಇಲ್ಲಿದ್ದೋರು ನಾವು ನಾಲ್ಕೇ ಜನ, ಎಲ್ಲರೂ ಬೋಗುಣಿಯಲ್ಲಿ ಕೈ ತೊಳೆದಾಗಿತ್ತು. ನೀನು, ನಿನ್ನ ತಮ್ಮ, ನಾನು ಮೇಜಿನ ಈಚೆ. ಕೈ ಚಾಚಿದ್ರೆ ಉಳಿದೋರಿಗೆ ಕಾಣ್ತಿತ್ತು."

ಮೇಜಿನ ಆಚೆ ಆಗ ಉಳಿದಿದ್ದವರು ಒಬ್ಬರೇ. ವಾರ್ಡನ್ ಮ್ಯಾನೇಜರ್ ಕಡೆ ತಿರುಗಿದರು. ಮೊಸರನ್ನು ಪಾತ್ರೆಯಲ್ಲಿ ಹೆಪ್ಪು ಹಾಕಿ ಆಮೇಲೆ ತುಂಬುತ್ತೀರೋ, ಕುಡಿಕೆಯಲ್ಲೇ ಹಾಕುತ್ತೀರೋ ಎಂದು ಕೇಳಿದರು. ಕುಡಿಕೆಯಲ್ಲೇ ಎಂದ ಅವನು. ಮಣ್ಣು ನೀರು ಹೀರುವುದರಿಂದಲೇ ಅದು ಅಷ್ಟು ಗಟ್ಟಿ.

"ಕೇಳಿದ್ರಲ್ಲ. ಇಲ್ಲಿ ಮುಟ್ಟದೆ ಇರೋ ಕುಡಿಕೆ ಎರಡು. ಹುಡುಗೀದು ಗಟ್ಟಿಯಾಗಿದೆ. ಇದು ನೀರು ಬಿಟ್ಟಿದೆ. ಕಲಕದೆ ಮೊಸರು ನೀರು ಬಿಡುತ್ತಾ? ಕಾರಲ್ಲಿ ದಾರಿಯುದ್ದಕ್ಕೂ ಸಿಹಿ ಮೊಸರಿನ ಜಪ ಮಾಡ್ತಿದ್ದೋಳು ಒಂದು ಚಮಚಾನೂ ಬಾಯಿಗೆ ಹಾಕಿಲ್ಲ."

ಅತ್ತೆಯ ಕುಡಿಕೆಗೆ ಅವರು ಚಮಚ ಇಳಿಸಿದರು. ಏನೋ ಟಣ್ ಎಂದಿತು.

ಚಮಚದೊಂದಿಗೆ ಕೆಂಪು ಕಲ್ಲು ಮೇಲೆ ಬಂತು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು.

"ಮಗಳು ಬಾಯಿಬಿಟ್ಟು ಕೇಳಿದ್ಲು, ಹೂಂ ಅಂದ್ಬಿಟ್ಟೆ. ನಿಮ್ಮ ತಮ್ಮ ಹಾಕಿದ ಉಂಗುರ, ಅತ್ತಿಗೆ. ಕೊಡಲ್ಲ ಅನ್ನೋಕೆ ನಾಲಿಗೆ ಬರ್ಲಿಲ್ಲ. ಕಳೆದ್ಹೋಯ್ತು ಅಂದ್ರೆ ಯಾರೂ ಕೇಳಲ್ಲ ಅನ್ಕೊಂಡೆ. ಇಷ್ಟಾಗತ್ತೆ ಅಂತ…"

"ಉಂಗುರ ನಿಂದು. ಕೊಡಲ್ಲ ಅನ್ನೋ ಹಕ್ಕೂ ನಿಂದು," ಎಂದರು ವಾರ್ಡನ್. "ಈ ಹುಡುಗಿ ಮರ್ಯಾದೆ ನಿಂದಲ್ಲ. ಇವರದೂ ಅಲ್ಲ."

ಅತ್ತೆ ಬಡಿಸುವವನ ಕಡೆ ತಿರುಗಿ, ತಪ್ಪಾಯಿತಪ್ಪ ಎಂದರು. ಅವನು ತಲೆಯಾಡಿಸಿ, ಹೊರಗೇ ಜೋತಾಡುತ್ತಿದ್ದ ಜೇಬುಗಳನ್ನು ಒಳಗೆ ತಳ್ಳಿಕೊಂಡ. ಆಮೇಲೆ ಅತ್ತೆ ಮೊಸರು ಮೆತ್ತಿದ ಉಂಗುರವನ್ನು ಒರೆಸಿ ಸೊಸೆಯತ್ತ ಚಾಚಿದರು. "ತಗೋಮ್ಮ. ನೀನೇ ಹಾಕ್ಕೋ."

"ಬೇಡ ಅತ್ತೆ. ನಿಮ್ಮದು ನಿಮ್ಮ ಕೈಯಲ್ಲೇ ಇರ್ಲಿ."

ಇಷ್ಟು ಹೊತ್ತೂ ಹೊಸೆದ ಕರವಸ್ತ್ರವನ್ನು ಬಿಟ್ಟು ಗಂಡ ಅವಸರದಲ್ಲಿ ಮೇಜಿನ ಮೇಲಿನ ಬಾಚಣಿಗೆಗೆ ಕೈಹಾಕಿದ. ಅವಳು ಅವನ ಕೈ ತಡೆದಳು.

"ನೀವಲ್ಲ. ಅಕ್ಕ ಸುರಿದಿದ್ದು, ಅಕ್ಕಾನೇ ತುಂಬ್ಲಿ."

ತನ್ನ ದನಿ ನಡುಗದೆ ಬಂದದ್ದು ಕೇಳಿ ಅವಳಿಗೇ ಬೆರಗಾಯಿತು. ನಾದಿನಿ ತಾಯಿಯ ಮುಖ ನೋಡಿದಳು. ತಾಯಿ ತಲೆ ತಗ್ಗಿಸಿದ್ದರು. ತಮ್ಮನನ್ನು ನೋಡಿದಳು, ಅವನು ಕೈ ಹಿಂದಕ್ಕೆ ಎಳೆದುಕೊಂಡಿದ್ದ. ಪಕ್ಕದ ಮೇಜಿನವರು ಇನ್ನೂ ಇತ್ತಲೇ ನೋಡುತ್ತಿದ್ದರು. ನಾದಿನಿ ಬಗ್ಗಿ ಒಂದೊಂದನ್ನೇ ಎತ್ತತೊಡಗಿದಳು. ಕೊನೆಯ ಮಾತ್ರೆಯ ಹಾಳೆ ಒಳಗೆ ಬೀಳುವವರೆಗೂ ಸೊಸೆ ಚೀಲದ ಬಾಯನ್ನು ಅಗಲಿಸಿ ಹಿಡಿದು ನಿಂತಿದ್ದಳು.