ಕುಬಟೂರಿನ ವಿಳಾಸ

ಮಚ್ಚು ಕಾರಿನ ಗಾಜು ಒಡೆದು, ನನ್ನ ಕಿವಿಯ ಪಕ್ಕದಲ್ಲೇ ಸೀಟಿಗೆ ಕಚ್ಚಿಕೊಂಡಿತು.

ಬೀಸಿದವನು ಪರಶುರಾಮ. ಕುಬಟೂರಿನ ದಾರಿಗೆ ಅಡ್ಡವಾಗಿ ನಾನು ಕಾರು ನಿಲ್ಲಿಸಿದ್ದೆ. ಅವನಿಗೆ ಊರೊಳಗೆ ಹೋಗಬೇಕಿತ್ತು. ಹೆಂಡತಿ ಮೈತ್ರಿಯನ್ನು ಕಡಿಯಬೇಕಿತ್ತು.

ಅವಳು ಅಲ್ಲಿರುವುದು ಅವನಿಗೆ ಹೇಗೆ ಗೊತ್ತಾಯಿತು ಅಂತೀರಾ?

ಅವಳನ್ನು ಬಚ್ಚಿಟ್ಟವರೇ ಹೇಳಿದ್ದು!

ಗಂಡನ ಏಟಿಗೆ ಹೆದರಿ ಓಡಿಬಂದ ಹೆಂಗಸರಿಗೆ ಗುಟ್ಟಾಗಿ ನೆಲೆ ಕೊಡುವ ಸಂಸ್ಥೆಯೊಂದು ಶಿಕಾರಿಪುರದಲ್ಲಿದೆ. ವಿಳಾಸಗಳೆಲ್ಲ ಕಂಪ್ಯೂಟರಿನಲ್ಲಿ. ಅಲ್ಲಿ ಸೆಕ್ಯುರಿಟಿ ಪಾಲಿಸಿ ಬರೆದು ಕಲಿಸುವುದು ನನ್ನ ಕೆಲಸ. ಮೊದಲು ಪೊಲೀಸ್ ಇಲಾಖೆಯಲ್ಲಿದ್ದೆ. ಅಲ್ಲಿ ಕಳ್ಳರಾದರೂ ಹೇಳಿದ ಮಾತು ಕೇಳುತ್ತಿದ್ದರು.

ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ವಿಳಾಸ ಯಾರೆದುರೂ ಹೇಳಬೇಡಿ ಎಂದು ಪಾಲಿಸಿಯಲ್ಲಿ ಬರೆದಿದ್ದೆ. ಮ್ಯಾನೇಜರ್ ತೀರ್ಥೇಶ್ ಆಕಳಿಸುತ್ತಲೇ ಸಹಿ ಹಾಕಿದ್ದ.

ಇವತ್ತು ಬೆಳಿಗ್ಗೆ ಯಾರೋ ಫೋನ್ ಮಾಡಿ, ಹೆಡ್ ಆಫೀಸಿನಿಂದ ಮಾತಾಡುತ್ತಿದ್ದೇನೆ, ಸಿಸ್ಟಮ್ ರಿಪೇರಿ ಇದೆ ಎಂದನಂತೆ. ತೀರ್ಥೇಶ್ ಪಾಸ್‌ವರ್ಡ್ ಹೇಳಿದ. ಓಟಿಪಿಯನ್ನೂ ಹೇಳಿದ. ಆಗ ಬಾಯಲ್ಲಿ ಮಂಡಕ್ಕಿ ಇತ್ತಂತೆ... ಮಹಾನುಭಾವ!

ಹೊರಗಿನವರು ಯಾರೋ ಮೈತ್ರಿಯ ಫೈಲು ತೆರೆದಿದ್ದಾರೆಂದು ನನ್ನ ಫೋನಿಗೆ ಅಲರ್ಟ್ ಬಂತು. ಸೊರಬದ ಪೊಲೀಸರಿಗೆ ತಿಳಿಸಿದೆ. ಮೈತ್ರಿಗೆ ಆಸರೆ ಕೊಟ್ಟಿದ್ದ ಸುಂಕಲಮ್ಮನಿಗೆ ಬಾಗಿಲು ಭದ್ರ ಮಾಡಿಕೊಳ್ಳಲು ಹೇಳಿದೆ. ಕಾರು ಹತ್ತಿದೆ. ಪರಶುರಾಮನ ಬೈಕಿನ ನಂಬರ್ ಮೈತ್ರಿಯ ಫೈಲಿನಲ್ಲಿತ್ತು; ಶಿರಾಳಕೊಪ್ಪ ದಾಟಿದ ಮೇಲೆ ಆ ಬೈಕ್ ಕಣ್ಣಿಗೆ ಬಿತ್ತು. ಹಿಂದಿಕ್ಕಿ ಮುಂದೆ ಬಂದೆ.

ಹಾಗಾಗಿಯೇ ಈ ಮಚ್ಚು.

ಅದನ್ನು ಕಿತ್ತುಕೊಳ್ಳಲು ಅವನು ಬಾಗಿದ. ನಾನು ಬಾಗಿಲನ್ನು ಒದ್ದೆ. ಎದೆಗೆ ಬಡಿಯಿತು. ರಸ್ತೆಗೆ ಉರುಳಿದ. ಬೆನ್ನ ಮೇಲೆ ಮೊಣಕಾಲೂರಿ ಅವನದೇ ಬೆಲ್ಟಿನಿಂದ ಕೈ ಕಟ್ಟಿದೆ.

"ಅವ್ಳು ನನ್ ಹೆಂಡ್ತಿ. ಕೇಳಾಕೆ ನೀವ್ಯಾರ್ರೀ?"

ಬೆಲ್ಟನ್ನು ಇನ್ನಷ್ಟು ಬಿಗಿದೆ.

ಪೊಲೀಸರು ಅವನನ್ನು ಒಯ್ದ ಮೇಲೆ ಸುಂಕಲಮ್ಮನ ಮನೆಗೆ ಹೋದೆ. ಮೈತ್ರಿ ಅಳುತ್ತಿರಲಿಲ್ಲ. ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಈ ಸಲ ಯಾವೂರು ಸರ್?" ಅಂದಳು.

ಚೀಲವನ್ನು ಕಾರಿಗೆ ಹೊತ್ತೊಯ್ದು, ಸೀಟಿನ ಮೇಲಿದ್ದ ಗಾಜಿನ ಚೂರುಗಳನ್ನು ಕೊಡವಿದೆ.

ಸಂಜೆ ತೀರ್ಥೇಶನನ್ನು ಸೊರಬದ ಠಾಣೆಗೆ ಕರೆಸಿದರು. ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಬೆಳಿಗ್ಗೆ ಹೆಡ್ ಆಫೀಸಿನ ಹೆಸರಲ್ಲಿ ಫೋನ್ ಮಾಡಿದ್ದ ಪರಶುರಾಮ ಬೇಡಿ ಹಾಕಿಸಿಕೊಂಡು ಅಲ್ಲೇ ಬೆಂಚಿನ ಮೇಲಿದ್ದ.

"ಒಂದ್ ವಿಳಾಸ ತಾನೇ ಹೋಗಿದ್ದು. ಅದಕ್ಕೆ ಇಷ್ಟೆಲ್ಲ ಯಾಕ್ರೀ?" ಎಂದ ತೀರ್ಥೇಶ್.

"ಹೌದಲ್ವಾ? ನಿಮ್ಮನೆ ವಿಳಾಸ ಹೇಳಿ. ಸ್ವಲ್ಪ ಜೋರಾಗಿ," ಎಂದೆ ನಾನು.

ಪರಶುರಾಮ ತಲೆಯೆತ್ತಿದ. ತೀರ್ಥೇಶ್ ಅವನನ್ನು ನೋಡಿದ. ತುಟಿ ಹೊಲಿದಂತೆ ಬಾಯಿ ಮುಚ್ಚಿಕೊಂಡ.

ಕೆಲಸಕ್ಕೆ ಸೇರಿದ ಮೇಲೆ ಆತ ಪಾಲಿಸಿ ಪಾಲಿಸಿದ್ದು ಅದೇ ಮೊದಲು.