ಕಟ್ಟದ ಗಂಟಲು

ಓಪನ್ ಡೇ ಮುಗಿದ ಸಂಜೆ ನಾನು ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದಲ್ಲಿ, ಬಕೆಟ್ಟಿನ ಬಿಸಿನೀರಿಗೆ ಎರಡೂ ಕಾಲು ಇಳಿಬಿಟ್ಟು ಕುಳಿತಿದ್ದೆ. ಸೇರಲು ಬಯಸುವ ಮಕ್ಕಳಿಗೂ ಅವರ ಹೆತ್ತವರಿಗೂ ನಮ್ಮ ವಿಶ್ವವಿದ್ಯಾಲಯವನ್ನು ಸುತ್ತಾಡಿಸಿ ತೋರಿಸುವುದು ನನ್ನ ಕೆಲಸ. ಹೆಸರಿಗೆ ಪ್ರವೇಶ ಮಾರ್ಗದರ್ಶಿ; ನಿಜಕ್ಕೂ ನೋಡಿದರೆ ನಡೆಯುವ ಕಾಲು, ಕೂಗುವ ಬಾಯಿ, ಇಷ್ಟೇ. ಸರ್ಕಾರಿ ವಿಶ್ವವಿದ್ಯಾಲಯ, ಶುಲ್ಕ ಕಡಿಮೆ, ಪಾಠ ಹೇಳುವವರೇ ಸಂಶೋಧನೆಯನ್ನೂ ಮಾಡುವವರು, ಮೊದಲ ವರ್ಷದ ಮಕ್ಕಳಿಗೂ ಪ್ರಯೋಗಾಲಯದಲ್ಲಿ ಜಾಗವುಂಟು. ಈ ಮಾತುಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲೆ. ಅವು ಸುಳ್ಳಲ್ಲ. ಹೇಳಿ ಹೇಳಿ ನನ್ನ ಬಾಯಲ್ಲಿ ಸವೆದುಹೋಗಿವೆ, ಅಷ್ಟೆ.

ಆರೋಗ್ಯ ಕೇಂದ್ರದ ಡಾಕ್ಟರಮ್ಮ ಕೇಂದ್ರದ ಹಿಂದಿನ ಎರಡು ಕೋಣೆಗಳಲ್ಲೇ ವಾಸವಾಗಿದ್ದವರು. ನನಗಿಂತ ಹಿರಿಯರು, ನನಗಿಂತ ಹೆಚ್ಚು ದಣಿದವರು. ಹಾಸ್ಟೆಲಿನಲ್ಲಿ ಚಪ್ಪಲಿ ಮಾಯವಾಗುವುದು, ಪರೀಕ್ಷಾ ಭವನದ ಗಡಿಯಾರ ಹಿಂದಕ್ಕೆ ಹೋಗುವುದು, ಹೀಗೆ ಪೊಲೀಸರಿಗೆ ಹೇಳಲು ನಾಚಿಕೆಯಾಗುವ ತೊಂದರೆಗಳೆಲ್ಲ ಕೊನೆಗೆ ಅವರ ಬಾಗಿಲಿಗೇ ಬರುತ್ತಿದ್ದವು. ಅವರು ಅವನ್ನೂ ಕೆಮ್ಮು ನೆಗಡಿಯಂತೆ, ಆಕಳಿಸುತ್ತಲೇ ವಾಸಿ ಮಾಡುತ್ತಿದ್ದರು. ಅಂಥ ಹೊತ್ತಿನಲ್ಲೆಲ್ಲ ಅವರ ಹಿಂದೆ ನಾನಿರುತ್ತಿದ್ದೆ. ಪ್ರತಿ ವರ್ಷ ಓಪನ್ ಡೇ ಸಂಜೆ ಅವರು ನನಗಾಗಿ ಗಂಟಲಿನ ಮಾತ್ರೆ ತೆಗೆದಿಡುವುದು ರೂಢಿ. ಅಂದೂ ಮೇಜಿನ ಮೇಲೆ ಇಟ್ಟಿದ್ದರು. ನಾನು ಮುಟ್ಟಿರಲಿಲ್ಲ. ನೋವಿದ್ದದ್ದು ಕಾಲಿನಲ್ಲಿ.

ಬಾಗಿಲು ತಟ್ಟಿದ ಸದ್ದಾಯಿತು. ಒಳಗೆ ಬಂದವರು ತಾಯಿ, ಮಗಳು. ತಾಯಿ ಬಟ್ಟೆ ಹೊಲಿಯುವವಳು. ಅವಸರದಲ್ಲಿ ಹೊರಟಿದ್ದಳೇನೋ, ಅಳತೆಯ ಟೇಪು ಇನ್ನೂ ಕೈಚೀಲದಿಂದ ಇಣುಕುತ್ತಿತ್ತು. ಮಗಳ ಮುಖ ಅತ್ತು ಊದಿಕೊಂಡಿತ್ತು. ಅವಳ ಗುರುತು ನನಗೆ ಸಿಕ್ಕಿತು. ಮಧ್ಯಾಹ್ನ ನನ್ನ ಗುಂಪಿನಲ್ಲಿದ್ದ ಹುಡುಗಿ.

"ಗೇಟಿನವರು ನಿಮ್ಮ ಹತ್ರ ಹೋಗಿ ಅಂದ್ರು, ಡಾಕ್ಟ್ರೇ," ಎಂದಳು ತಾಯಿ. "ನಾಳೆ ಇವಳ ಸಂದರ್ಶನ. ಅದಕ್ಕೆ ಬರೋದೇ ಬೇಡ ಅಂದ್ಬಿಟ್ರು. ನನ್ನ ಮಗಳು ಮಾಡದೇ ಇರೋ ಕೆಲಸಕ್ಕೆ."

ನಡೆದದ್ದನ್ನು ಅವಳೇ ಹೇಳಿದಳು. ಸೂಕ್ಷ್ಮಜೀವಿ ವಿಭಾಗದ ಪ್ರಯೋಗಾಲಯದಲ್ಲಿ ಒಂದು ದೊಡ್ಡ ಡೀಪ್ ಫ್ರೀಜರ್ ಇದೆ. ಒಬ್ಬ ಸಂಶೋಧಕಿ ನಾಲ್ಕು ವರ್ಷ ಕೆರೆಗಳ ಕೆಸರಿನಿಂದ ಕೂಡಿಸಿದ ಮಾದರಿಗಳೆಲ್ಲ ಅದರಲ್ಲಿದ್ದವು. ಆಕೆ ಪರವೂರಿನ ವಿಚಾರ ಸಂಕಿರಣ ಮುಗಿಸಿ ಅಂದು ನಾಲ್ಕು ಗಂಟೆಗೆ ಮರಳಿ ಬಂದು ಬಾಗಿಲು ತೆರೆದರೆ, ನೀರು ಪಾದದ ಮೇಲೆ ಸುರಿಯಿತು. ಫ್ರೀಜರಿನ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಅದು ಇರಬೇಕಾದ ಸಾಕೆಟ್ಟಿನಲ್ಲಿ ಯಾರದೋ ಫೋನ್ ಚಾರ್ಜರ್ ಇತ್ತು. ವಿಭಾಗದ ಮುಖ್ಯಸ್ಥರು ಅದನ್ನು ಎತ್ತಿಹಿಡಿದು, ಸುತ್ತಾಟ ಮುಗಿಸಿ ಕಾರಿಡಾರಿನಲ್ಲಿ ನಿಂತಿದ್ದವರನ್ನೆಲ್ಲ ಇದು ಯಾರದು ಎಂದು ಕೇಳಿದ್ದರು. ಕಳೆದ ವಸ್ತು ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಹುಡುಗಿ ನನ್ನದು ಎಂದು ಮುಂದೆ ಬಂದಿದ್ದಳು. ಎಲ್ಲರೆದುರು ಮುಖ್ಯಸ್ಥರು ಅವಳನ್ನು ಹಿಗ್ಗಾಮುಗ್ಗಾ ಬೈದು, ಸಂದರ್ಶನ ಮಂಡಳಿಗೆ ತಾವೇ ತಿಳಿಸುವುದಾಗಿ ಹೇಳಿದ್ದರು.

"ಚಾರ್ಜರ್ ಎಲ್ಲಿ ಬಿಟ್ಟಿದ್ದೆ?" ಎಂದು ಡಾಕ್ಟರಮ್ಮ ಕೇಳಿದರು.

ಬೆಳಿಗ್ಗೆ ಸಭಾಂಗಣದಲ್ಲಿ ವಿಶ್ವವಿದ್ಯಾಲಯದ ಚಿತ್ರ ತೋರಿಸುವಾಗ ಗೋಡೆಗೆ ಹಾಕಿದ್ದೆ, ಆಮೇಲೆ ತೆಗೆದೆನೋ ಇಲ್ಲವೋ ನೆನಪಿಲ್ಲ ಎಂದಳು ಹುಡುಗಿ. ಪ್ರಯೋಗಾಲಯದಲ್ಲಿ ಅವಳು ಏನನ್ನೂ ಮುಟ್ಟಿರಲಿಲ್ಲವಂತೆ. "ನಾನು ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ರ ನಿಂತಿದ್ದೆ. ಆದ್ರೂ ಇವರು ಹೇಳಿದ್ದೆಲ್ಲ ಚೆನ್ನಾಗಿ ಕೇಳಿಸ್ತು," ಎಂದು ನನ್ನ ಕಡೆ ನೋಡಿದಳು.

ಈ ವಯಸ್ಸಿನಲ್ಲಿ ಯಾರಾದರೂ ಹೊಗಳಿದರೆ ಬಿಡಲಾಗುತ್ತದೆಯೇ. ಅವಳು ಅಲ್ಲಿಂದಲೇ ಮೆಲ್ಲಗೆ ಒಂದು ಪ್ರಶ್ನೆ ಕೇಳಿದ್ದನ್ನು ನಾನೂ ನೆನೆಸಿಕೊಂಡೆ. ಇಲ್ಲಿ ಪ್ರಯೋಗ ಮಾಡುವವರು ತಪ್ಪು ಮಾಡಿದರೆ ಏನಾಗುತ್ತದೆ ಎಂದು ಕೇಳಿದ್ದಳು. ತಪ್ಪೂ ಕಲಿಕೆಯ ಭಾಗವೇ ಎಂದು ನಾನು ನನ್ನ ಸವೆದ ಉತ್ತರ ಕೊಟ್ಟಿದ್ದೆ. ಈಗ ಅವಳ ಊದಿದ ಮುಖ ನೋಡುತ್ತ ನನಗೆ ಬಹಳ ನಾಚಿಕೆಯಾಯಿತು.

ಡಾಕ್ಟರಮ್ಮ ಮೇಜಿನ ಮೇಲಿನ ಮಾತ್ರೆಯನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಬೆಳಗಿನಿಂದ ಏನೇನಾಯಿತೋ ಒಂದನ್ನೂ ಬಿಡದೆ ಹೇಳು ಎಂದರು.

ಹೇಳಲು ಹೆಚ್ಚೇನಿರಲಿಲ್ಲ. ಚಿತ್ರವನ್ನು ಹಿಂದಿನ ದಿನ ಬೆಳಿಗ್ಗೆ ಅದೇ ಪ್ರಯೋಗಾಲಯದಲ್ಲಿ ತೆಗೆದದ್ದು. ತೆಗೆದವರು ಪ್ರಚಾರ ಅಧಿಕಾರಿ; ನಾವೆಲ್ಲ ಅವರನ್ನು ಕರೆಯುವುದು ಕ್ಯಾಮೆರಾ ಸಾಹೇಬರೆಂದು. ಚಿತ್ರದಲ್ಲಿ ಮಾತಾಡಿದವರು ಮುಖ್ಯಸ್ಥರು. ಸಭಾಂಗಣದಲ್ಲಿ ಅದು ಓಡುತ್ತಿರುವಾಗ ಮುಖ್ಯಸ್ಥರು ನಡುವೆಯೇ ಎದ್ದು ಹೊರಗೆ ಹೋದರು. ತೆರೆಯ ಮೇಲೆ ತಮ್ಮದೇ ಮುಖವಿರುವಾಗ ಅವರು ಎದ್ದುಹೋದದ್ದು ನಾನು ಕಂಡಂತೆ ಅದೇ ಮೊದಲು. ಮುಗಿಯುವ ಹೊತ್ತಿಗೆ ಬಂದು ಮುಂದಿನ ಮೇಜಿನ ಹಿಂದೆ ಕುಳಿತರು. ಜನರನ್ನು ಹೊರಡಿಸುತ್ತ ನಾನು ಗೋಡೆಬದಿ ಬಿದ್ದಿದ್ದ ಕೊಡೆ, ನೀರಿನ ಬಾಟಲಿ, ಹಸಿರು ದಾರ ಸುತ್ತಿದ ಚಾರ್ಜರ್ ಮುಂತಾದವನ್ನು ಎತ್ತಿ, ಯಾರಾದರೂ ಕೇಳಿಕೊಂಡು ಬಂದಾರೆಂದು ಅವರ ಮುಂದಿನ ಮೇಜಿನ ಮೇಲಿಟ್ಟೆ. ಆಮೇಲೆ ಗುಂಪು ಕಟ್ಟಿಕೊಂಡು ಗ್ರಂಥಾಲಯ, ಹಾಸ್ಟೆಲು, ಕೊನೆಗೆ ಊಟಕ್ಕೆ ಮುಂಚೆ ಪ್ರಯೋಗಾಲಯ.

"ಕಾಲು ಒರಸ್ಕೋ," ಎಂದರು ಡಾಕ್ಟರಮ್ಮ. "ಹೋಗೋಣ."

ಪ್ರಯೋಗಾಲಯದಲ್ಲಿ ಫ್ರೀಜರ್ ಮತ್ತೆ ಓಡುತ್ತಿತ್ತು, ಹಳೆಯ ಲಾರಿಯ ಹಾಗೆ ಗುರುಗುಟ್ಟುತ್ತ. ಸಂಶೋಧಕಿ ನೆಲದ ಮೇಲೆ ಕುಳಿತು ಪೆಟ್ಟಿಗೆಯಿಂದ ಒಂದೊಂದೇ ಕೊಳವೆ ತೆಗೆದು ಬೆಳಕಿಗೆ ಹಿಡಿದು ಪಕ್ಕಕ್ಕಿಡುತ್ತಿದ್ದಳು. ಯಾವುದೂ ಗಟ್ಟಿಯಾಗಿ ಉಳಿದಿರಲಿಲ್ಲ. ಅವಳು ಅಳುತ್ತಿರಲಿಲ್ಲ; ಅಳುವುದಕ್ಕೂ ಕಸುವು ಬೇಕಲ್ಲ. ಮುಖ್ಯಸ್ಥರು ಕಿಟಕಿಯ ಬಳಿ ನಿಂತಿದ್ದರು. ಕ್ಯಾಮೆರಾ ಸಾಹೇಬರು ಈ ಸುದ್ದಿ ಹೊರಗೆ ಹೋಗದಂತೆ ಮಾಡುವುದು ಹೇಗೆಂದು ಚಡಪಡಿಸುತ್ತಿದ್ದರು.

ಕರೆಂಟು ಹೋದರೆ ಈ ಪೆಟ್ಟಿಗೆ ಬಾಯಿ ಮುಚ್ಚಿಕೊಂಡು ಇರುತ್ತದೆಯೇ ಎಂದು ಡಾಕ್ಟರಮ್ಮ ವಿಚಾರಿಸಿದರು. ಇಲ್ಲ, ಒಳಗೆ ಬ್ಯಾಟರಿಯಿದೆ, ಪ್ಲಗ್ ಕಿತ್ತರೂ ಅಲಾರಂ ಕೂಗುತ್ತದೆ ಎಂದಳು ಸಂಶೋಧಕಿ. ಅದನ್ನು ಸುಮ್ಮನಾಗಿಸಲು ಮುಂಭಾಗದಲ್ಲಿ ಒಂದು ಚಿಕ್ಕ ಬೀಗದ ಕೈ ತಿರುಗಿಸಬೇಕು. ಅಂಥ ಒಂದು ಬೀಗದ ಕೈ ಅವಳ ಕೊರಳಲ್ಲಿ, ಮತ್ತೊಂದು ಮುಖ್ಯಸ್ಥರ ಬಳಿ.

"ಬ್ಯಾಟರಿ ಸತ್ತು ಎಷ್ಟೋ ಕಾಲ ಆಯ್ತು," ಎಂದರು ಮುಖ್ಯಸ್ಥರು. ಫ್ರೀಜರಿನ ಸದ್ದಿನಲ್ಲಿ ಅದು ನಮಗೆ ಕೇಳಿಸದೆ ಅವರು ಮತ್ತೊಮ್ಮೆ ದನಿ ಏರಿಸಿ ಹೇಳಬೇಕಾಯಿತು.

ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿದರು. ತಾವೂ ಒಂದು ಸ್ಟೂಲು ಎಳೆದುಕೊಂಡರು. ನನಗೆ ಮಾತ್ರ ಮಧ್ಯಾಹ್ನ ನಿಂತಿದ್ದಲ್ಲೇ ನಿಂತು ಮಧ್ಯಾಹ್ನದ ದನಿಯಲ್ಲೇ ಮಾತಾಡಲು ಹೇಳಿದರು. ಹುಡುಗಿಯನ್ನು ಬಾಗಿಲ ಬಳಿಗೆ ಕಳಿಸಿದರು. ನಾನು ಸರ್ಕಾರಿ ವಿಶ್ವವಿದ್ಯಾಲಯ, ಶುಲ್ಕ ಕಡಿಮೆ ಎಂದು ಶುರುಮಾಡಿದೆ.

"ಏನೂ ಕೇಳಿಸ್ತಿಲ್ಲ," ಎಂದು ಹುಡುಗಿ ಕೈಯಾಡಿಸಿದಳು.

ನನಗೆ ಆಗ ಹೊಳೆಯಿತು. ನನ್ನ ಗಂಟಲು ಪ್ರತಿ ವರ್ಷ ಕಟ್ಟುತ್ತಿದ್ದದ್ದು ಇದೇ ಕೋಣೆಯಲ್ಲಿ.

"ಲಸಿಕೆ ಇಡೋ ಫ್ರಿಜ್ ನನ್ನ ಹತ್ರಾನೂ ಇದೆ," ಎಂದು ಡಾಕ್ಟರಮ್ಮ ಶುರುಮಾಡಿದರು. "ಬಾಗಿಲು ಮುಚ್ಚಿದ್ರೆ ತಣ್ಣಗೆ ಬಹಳ ಹೊತ್ತು ಇರುತ್ತೆ. ಇಷ್ಟು ದೊಡ್ಡದು, ತುಂಬಿರೋದು, ಊಟದ ಹೊತ್ತಿನಿಂದ ಸಂಜೆ ನಾಲ್ಕರೊಳಗೆ ಪೂರ್ತಿ ಕರಗೋದು ಹೇಗೆ? ಅದು ಅನುಮಾನಕ್ಕೆ ಸಾಕು, ರುಜುವಾತಿಗೆ ಸಾಲದು. ರುಜುವಾತು ಇವನ ಗಂಟಲು. ಇಷ್ಟು ವರ್ಷದಲ್ಲಿ ಮೊದಲ ಸಲ ಇವನು ಮಾತ್ರೆ ಮುಟ್ಟಲಿಲ್ಲ. ಕೂಗೋ ಅಗತ್ಯಾನೇ ಇರಲಿಲ್ಲ. ಹುಡುಗಿ ಹಿಂದಿನಿಂದ ಮೆಲ್ಲಗೆ ಕೇಳಿದ್ದೂ ಇವನಿಗೆ ಕೇಳಿಸ್ತು. ಅಂದ್ರೆ ಇವರು ಒಳಗೆ ಕಾಲಿಡೋ ಮುಂಚೇನೇ ಫ್ರೀಜರ್ ನಿಂತಿತ್ತು."

ತಾಯಿ ಮಗಳ ಕೈ ಹಿಡಿದುಕೊಂಡಳು.

ಎಷ್ಟು ಮುಂಚೆ ಎನ್ನುವುದು ಮುಂದಿನ ಪ್ರಶ್ನೆ. ಡಾಕ್ಟರಮ್ಮ ಕ್ಯಾಮೆರಾ ಸಾಹೇಬರಿಂದ ಬೆಳಗಿನ ಚಿತ್ರವನ್ನು ಮತ್ತೆ ಹಾಕಿಸಿದರು. ಪರದೆಯ ಮೇಲೆ ಮುಖ್ಯಸ್ಥರು ಇದೇ ಫ್ರೀಜರಿಗೆ ಒರಗಿ, ಇಲ್ಲಿ ಪ್ರತಿ ವಿದ್ಯಾರ್ಥಿಯ ಪ್ರಶ್ನೆಗೂ ಬೆಲೆಯಿದೆ ಎಂದು ಮೆಲುದನಿಯಲ್ಲಿ ಹೇಳುತ್ತಿದ್ದರು. ಅವರ ಉಸಿರು ಕೂಡ ಕೇಳುವಷ್ಟು ಕೋಣೆ ನಿಶ್ಶಬ್ದವಾಗಿತ್ತು. ಸಾಹೇಬರು ಬೆವರೊರೆಸಿಕೊಂಡರು. ಈ ಸದ್ದಿನಲ್ಲಿ ಚಿತ್ರ ತೆಗೆಯಲಾಗದು ಎಂದು ತಾವು ಹೇಳಿದ್ದು ನಿಜ, ದೀಪ ತರಲು ಹೊರಗೆ ಹೋಗಿ ಬರುವಷ್ಟರಲ್ಲಿ ಸದ್ದು ನಿಂತಿತ್ತು, ಕೆಲಸವಾಯಿತಲ್ಲ ಎಂದು ತಾವು ಕೇಳಲಿಲ್ಲ ಎಂದರು.

"ಈಗ ಪ್ಲಗ್ ಕೀಳಮ್ಮ," ಎಂದು ಡಾಕ್ಟರಮ್ಮ ಸಂಶೋಧಕಿಗೆ ಹೇಳಿದರು. "ಹೇಗೂ ಒಳಗೇನೂ ಉಳಿದಿಲ್ಲ."

ಅವಳು ಕಿತ್ತಳು. ಗುರುಗುಟ್ಟುವುದು ನಿಂತಿತು. ಮರುಕ್ಷಣ ಅಲಾರಂ ಕಿವಿ ಹರಿಯುವಂತೆ ಚೀರತೊಡಗಿತು. ಸತ್ತಿದ್ದ ಬ್ಯಾಟರಿ ಹೀಗೆ ಚೀರುವುದನ್ನು ನಾವೆಲ್ಲ ಸ್ವಲ್ಪ ಹೊತ್ತು ಕೇಳಿದೆವು. ಸಂಶೋಧಕಿ ಕೊರಳಿನ ಬೀಗದ ಕೈಯಿಂದ ಅದನ್ನು ಸುಮ್ಮನಾಗಿಸಿದ ಮೇಲೆ ಕೋಣೆ ಚಿತ್ರದಲ್ಲಿದ್ದಷ್ಟೇ ನಿಶ್ಶಬ್ದವಾಯಿತು.

"ನಿನ್ನೆ ಬೆಳಿಗ್ಗೆ ಒಂದು ಬೀಗದ ಕೈ ಇವಳ ಜೊತೆ ಪರವೂರಲ್ಲಿತ್ತು. ಇನ್ನೊಂದು ಇಲ್ಲಿತ್ತು," ಎಂದರು ಡಾಕ್ಟರಮ್ಮ. ಆಮೇಲೆ ಸಾಕ್ಷಿಗೆಂದು ತೆಗೆದಿಟ್ಟಿದ್ದ ಚಾರ್ಜರನ್ನು ತರಿಸಿ ನನ್ನ ಕೈಗಿತ್ತರು. ಸಾಕೆಟ್ಟಿನಲ್ಲಿ ಸಿಕ್ಕಿದ್ದು ಯಾವುದೆಂದು ನಾನು ಆವರೆಗೆ ನೋಡಿರಲಿಲ್ಲ. ತಂತಿಗೆ ಹಸಿರು ದಾರ, ಹೊಲಿಗೆಯವರು ಸುತ್ತುವ ಹಾಗೆ ಒತ್ತೊತ್ತಾಗಿ ಸುತ್ತಿತ್ತು.

"ಇದನ್ನ ನಾನೇ ಬೆಳಿಗ್ಗೆ ನಿಮ್ಮ ಮುಂದೆ ಇಟ್ಟೆ, ಸರ್," ಎಂದೆ. ಈ ಮನುಷ್ಯನನ್ನು ನಾನು ವರ್ಷಗಟ್ಟಲೆ ಮಕ್ಕಳಿಗೆ ಹೆಮ್ಮೆಯಿಂದ ಪರಿಚಯಿಸಿದ್ದೆ.

ಮುಖ್ಯಸ್ಥರು ವಾದಕ್ಕಿಳಿಯಲಿಲ್ಲ. "ಹತ್ತು ನಿಮಿಷ ಅಂತ ತೆಗೆದಿದ್ದೆ," ಎಂದರು. "ಮರೆತೇಹೋಯ್ತು. ಹಾಲ್‌ನಲ್ಲಿ ಚಿತ್ರ ನೋಡ್ತಾ, ಏನಿದು ಇಷ್ಟು ನಿಶ್ಶಬ್ದ ಅನ್ನಿಸ್ತು, ಆಗ ನೆನಪಾಯ್ತು. ಓಡಿ ಬಂದೆ. ಫ್ರೀಜರಿನ ದೀಪ ಆರಿತ್ತು. ಎಲ್ಲ ಹೋಯ್ತು ಅಂದ್ಕೊಂಡೆ. ನಾನು ಮರೆತೆ ಅಂತ ಯಾರ ಹತ್ರ ಹೇಳಲಿ? ಜೀವನವೆಲ್ಲ ಇದೇ ತಪ್ಪಿಗೆ ಮಕ್ಕಳನ್ನ ಬೈದಿದೀನಿ."

ಬಾಗಿಲು ತೆರೆದು ನೋಡಿದಿರಾ ಎಂದು ಸಂಶೋಧಕಿ ಕೇಳಿದಳು. ಅವರು ಇಲ್ಲವೆಂದು ತಲೆಯಾಡಿಸಿದರು. ಧೈರ್ಯ ಬರಲಿಲ್ಲವಂತೆ. ಪ್ಲಗ್ ಹಾಗೇ ಬಿಟ್ಟು, ಜನ ಬಂದುಹೋಗಲೆಂದು ಕಾದು, ಆಮೇಲೆ ಸಾಕೆಟ್ಟಿಗೆ ಚಾರ್ಜರ್ ಸಿಕ್ಕಿಸಿದ್ದರು.

"ಒಳಗಿನ ಪೆಟ್ಟಿಗೆಗಳು ಆಗ ಗಟ್ಟಿ ಇದ್ದಿರ್ತಿದ್ವು, ಸರ್," ಎಂದಳು ಅವಳು, ತೀರಾ ಸಣ್ಣ ದನಿಯಲ್ಲಿ. "ಬೆಳಿಗ್ಗೆ ನಂಗೊಂದು ಫೋನ್ ಮಾಡಿದ್ರೆ ಅರ್ಧ ಉಳೀತಿತ್ತು."

ಮುಖ್ಯಸ್ಥರು ಮುಖ ಮುಚ್ಚಿಕೊಂಡರು.

"ಮರೆತದ್ದು ತಪ್ಪು," ಎಂದು ಡಾಕ್ಟರಮ್ಮ ಎದ್ದರು. "ಅದಕ್ಕೆ ಕ್ಷಮೆ ಇತ್ತು. ಚಾರ್ಜರ್ ಸಿಕ್ಕಿಸಿದ್ದು ತಪ್ಪಲ್ಲ, ಬೇರೆ ಏನೋ. ಕುಲಪತಿಗಳ ಹತ್ರ ನೀವೇ ಹೇಳಿ. ಅದಕ್ಕೆ ಮುಂಚೆ ಸಂದರ್ಶನ ಮಂಡಳಿಗೆ ಹೇಳಿ, ಈಗಲೇ, ನಮ್ಮೆದುರಿಗೆ."

ಅವರು ಫೋನು ಮಾಡಿದರು. ಹುಡುಗಿಯ ಸಂದರ್ಶನ ಉಳಿಯಿತು. ಆದರೆ ತಾಯಿ ಅಷ್ಟರಲ್ಲಿ ಕೈಚೀಲ ಹೆಗಲಿಗೇರಿಸಿಯಾಗಿತ್ತು. ನಡಿ ಮಗಳೇ, ಇಂಥವರ ಕೈಗೆ ನಿನ್ನನ್ನು ಕೊಡಲಾರೆ ಎಂದಳು. ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ಗ್ರಂಥಾಲಯ, ಹಾಸ್ಟೆಲು, ಶುಲ್ಕ, ಎಲ್ಲ ಹೇಳಿಯಾಗಿತ್ತು.

ಹುಡುಗಿ ಮಾತ್ರ ಹೊರಡಲಿಲ್ಲ. ನೆಲದ ಮೇಲಿದ್ದ ಸಂಶೋಧಕಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಂದು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಕ್ಕಾ, ಈಗ ಏನ್ ಮಾಡ್ತೀರಿ?"

"ಮತ್ತೆ ಕೆರೆಗೆ ಇಳೀಬೇಕು."

"ಒಬ್ರೇನಾ?"

ಸಂಶೋಧಕಿ ಹುಡುಗಿಯ ಮುಖವನ್ನೇ ನೋಡಿದಳು; ಆಗ, ಅಷ್ಟು ಹೊತ್ತಿನ ಮೇಲೆ, ಅತ್ತಳು. ತಾಯಿ ಬಾಗಿಲಲ್ಲಿ ನಿಂತು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಕೈಚೀಲ ಕೆಳಗಿಟ್ಟಳು.

ಮುಖ್ಯಸ್ಥರು ಆ ತಿಂಗಳೇ ಹುದ್ದೆ ಬಿಟ್ಟರು. ಮುಂದಿನ ವರ್ಷದ ಓಪನ್ ಡೇಗೆ ನಾನು ಹೊಸ ಗುಂಪು ಕಟ್ಟಿಕೊಂಡು ಅದೇ ಪ್ರಯೋಗಾಲಯಕ್ಕೆ ಹೋದೆ. ಫ್ರೀಜರ್ ಗುರುಗುಟ್ಟುತ್ತಿತ್ತು. ಅದರ ಪಕ್ಕದಲ್ಲಿ ಮೊಣಕಾಲಿನವರೆಗೆ ಕೆಸರು ಮೆತ್ತಿದ ಪ್ಯಾಂಟಿನಲ್ಲಿ ಇಬ್ಬರು ಕೊಳವೆಗಳಿಗೆ ಚೀಟಿ ಅಂಟಿಸುತ್ತಿದ್ದರು. ಒಬ್ಬಳು ಸಂಶೋಧಕಿ, ಇನ್ನೊಬ್ಬಳು ಮೊದಲ ವರ್ಷದ ವಿದ್ಯಾರ್ಥಿನಿ. ಗುಂಪಿನಲ್ಲಿ ಯಾರೋ ಒಬ್ಬ ತಂದೆ, ಸದ್ದು ಜಾಸ್ತಿ, ಸ್ವಲ್ಪ ಹೊತ್ತು ಆಫ್ ಮಾಡಬಾರದೇ ಎಂದರು. ಹುಡುಗಿ ಎದ್ದುಹೋಗಿ ಸಾಕೆಟ್ಟಿಗೆ ಬೆನ್ನು ಕೊಟ್ಟು ನಿಂತಳು. ನನ್ನ ಕಡೆ ನೋಡಿ, ಇನ್ನೂ ಜೋರಾಗಿ ಎಂದು ಕೈಸನ್ನೆ ಮಾಡಿದಳು.

ನಾನು ಕೂಗಿದೆ. ಇಲ್ಲಿ ಮೊದಲ ವರ್ಷದ ಮಕ್ಕಳಿಗೂ ಪ್ರಯೋಗಾಲಯದಲ್ಲಿ ಜಾಗವುಂಟು ಎಂದು ಬಾಗಿಲ ತನಕ ಕೇಳುವಂತೆ ಕೂಗಿದೆ. ಸಂಜೆ ಆರೋಗ್ಯ ಕೇಂದ್ರಕ್ಕೆ ಹೋದಾಗ ನನ್ನ ಬಾಯಿಂದ ಗಾಳಿ ಬಿಟ್ಟರೆ ಏನೂ ಹೊರಡಲಿಲ್ಲ. ಡಾಕ್ಟರಮ್ಮ ಆಕಳಿಸಿ, ಮಾತ್ರೆಯನ್ನು ನನ್ನ ಕಡೆಗೆ ಸರಿಸಿದರು.

"ಕಟ್ಟಿದೆಯಾ?" ಎಂದರು. "ಹಾಗಾದ್ರೆ ಎಲ್ಲ ಸರಿಯಾಗಿದೆ."