ಅಯ್ಯಣ್ಣನ ಹೊಸ್ತಿಲಲ್ಲಿ ತೆಗೆದ ವಿಡಿಯೋ

ಒಲೆಯ ಮೇಲೆ ಚಹಾ ಕುದಿಯುವಷ್ಟರಲ್ಲಿ ಮಲ್ಲೇಶ್ವರಿಯ ಹೆಸರು ಊರಲ್ಲಿ ಮಣ್ಣುಪಾಲಾಗಿತ್ತು.

ಮಾಡಿದ್ದು ಒಂದು ವಿಡಿಯೋ. ಯಾವುದೋ ಗುರುತಿಲ್ಲದ ನಂಬರಿನಿಂದ ಹೊಳೆಮಡ್ಡಿಯ ವಾಟ್ಸಾಪ್ ಗುಂಪಿಗೆ ಬಂದು ಬಿದ್ದಿತ್ತು. ಪಂಚಾಯ್ತಿ ಅಧ್ಯಕ್ಷ ಅಯ್ಯಣ್ಣ ತನ್ನ ಮನೆಯ ಹೊಸ್ತಿಲಲ್ಲಿ ನಿಂತು ಕಾಗದದ ಪೊಟ್ಟಣವೊಂದನ್ನು ಕೊಡುತ್ತಾನೆ. ಮಲ್ಲೇಶ್ವರಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಾಳೆ. ಅಯ್ಯಣ್ಣನ ಕೈ ಮತ್ತೆ ಮುಂದೆ ಬರುತ್ತದೆ — ಅಲ್ಲಿಗೆ ಮುಗಿಯಿತು. ದನಿಯಿಲ್ಲ. ಕೆಳಗೊಂದು ಬರಹ: ‘ನಿನ್ನೆ ಸಂಜೆ ನಳದ ಹೋರಾಟ ಮಾರಾಟವಾಯಿತು.’

ಮಲ್ಲೇಶ್ವರಿ ಇರುವ ಅಂಬಿಗರ ಓಣಿಗೆ ಕೃಷ್ಣಾ ಹೊಳೆ ಕೂಗಳತೆಯ ದೂರ. ಆದರೆ ಕುಡಿಯುವ ನೀರಿಗೆ ಕೊಡ ಹೊತ್ತು ಮೇಲಿನ ಓಣಿಗೇ ಹೋಗಬೇಕು. ಅಧ್ಯಕ್ಷನಿಗೆ ಹೇಳಿ ಹೇಳಿ ಬಾಯಿ ಒಣಗಿದ ಮೇಲೆ ಅವಳು ಹೊಲಿಗೆ ಯಂತ್ರ ಬದಿಗಿಟ್ಟು ‘ನಮ್ಮ ಓಣಿಗೆ ನಳ’ ಅಂತ ಫೇಸ್‌ಬುಕ್ ಪೇಜ್ ಶುರು ಮಾಡಿದಳು. ದಿನಾ ಬೆಳಿಗ್ಗೆ ಖಾಲಿ ಕೊಡಗಳ ಸಾಲು ಲೈವ್. ಸುರಪುರದವರು ನೋಡಿದರು, ಶಹಾಪುರದವರು ಹಂಚಿದರು, ಯಾದಗಿರಿಯ ಜಿಲ್ಲಾ ಸಾಹೇಬರ ತನಕ ಮುಟ್ಟಿತು. ಕಾಗದದ ಮೇಲಷ್ಟೇ ನಡೆಯುತ್ತಿದ್ದ ಗ್ರಾಮಸಭೆ ಈ ಸಲ ಬೇವಿನ ಗಿಡದ ಕೆಳಗೆ ಎಲ್ಲರೆದುರು ನಡೆಯಬೇಕೆಂದು ಹುಕುಂ ಬಂತು.

ಸಭೆ ಇವತ್ತೇ ಮಧ್ಯಾಹ್ನ. ಓಣಿಯವರು ಬಂದು ಕೈ ಎತ್ತಿದರೆ ನಳ. ಮುನಿಸಿಕೊಂಡು ಮನೆಯಲ್ಲಿ ಕೂತರೆ ಪೈಪು ಅಯ್ಯಣ್ಣ ಹೇಳಿದ ಕಡೆ ಹೊರಳುತ್ತದೆ.

ಮೊದಲು ಬಾಗಿಲಿಗೆ ಬಂದವಳು ಪಕ್ಕದ ಮನೆಯ ಖಾಸಿಂಬೀ. ದಿನಾ ಲೈವ್‌ನಲ್ಲಿ ಮುಂದೆ ಕೂರುತ್ತಿದ್ದ ಮುದುಕಿ.

“ನಮ್ಮ ಕೊಡಾ ತೋರ್ಸಿ ನಿನ್ನ ಚೀಲ ತುಂಬಿಸ್ಕೊಂಡಿಯೇನವ್ವಾ?”

ಅದು ಮೊಹರಂ ಭಿಕ್ಷೆ ಎಂದು ಮಲ್ಲೇಶ್ವರಿ ಹೇಳಿದಳು. ಆ ಸೀಮೆಯಲ್ಲಿ ಮೊಹರಮ್ಮಿಗೆ ಹರಕೆ ಹೊತ್ತು ಫಕೀರರಾದವರು, ಯಾವ ಜಾತಿಯವರೇ ಇರಲಿ, ಕೊರಳಿಗೆ ಕೆಂಪು ದಾರದ ಲಾಡಿ ಕಟ್ಟಿ ಬರಿಗಾಲಲ್ಲಿ ಐದು ಮನೆ ಭಿಕ್ಷೆ ಎತ್ತಬೇಕು. ಎದುರಾದದ್ದು ವೈರಿಯ ಮನೆಯಾದರೂ ದಾಟಿ ಹೋಗುವಂತಿಲ್ಲ. ಕೊಟ್ಟ ಸಕ್ಕರೆಯನ್ನು ಕಣ್ಣಿಗೊತ್ತಿಕೊಳ್ಳಲೇಬೇಕು. ಆದರೆ ವಿಡಿಯೋದಲ್ಲಿ ಲಾಡಿ ಸೆರಗಿನೊಳಗೆ ಅಡಗಿತ್ತು, ಕಾಲು ಕಾಣುವ ಭಾಗವನ್ನು ಯಾರೋ ಕತ್ತರಿಸಿದ್ದರು. ಮೊಹರಂ ಮುಗಿದು ಎಷ್ಟೋ ದಿನವಾಗಿತ್ತು. ಯಾರು ನಂಬಬೇಕು? ಅಯ್ಯಣ್ಣನೂ ಅದು ಭಿಕ್ಷೆಯೇ ಎಂದು ಆಣೆ ಮಾಡಿದನಂತೆ. ಅದರಿಂದ ಇನ್ನಷ್ಟು ಕೆಟ್ಟಿತು. ನೋಡ್ರಿ, ಇಬ್ಬರದೂ ಒಂದೇ ರಾಗ ಎಂದರು ಜನ.

ಅವಳು ನೆಟ್ಟಗೆ ದ್ಯಾವಪ್ಪನ ಮನೆಗೆ ಹೋದಳು. ಸುರಪುರ ಠಾಣೆಯಲ್ಲಿ ದಫೇದಾರನಾಗಿದ್ದು ನಿವೃತ್ತನಾದವನು. ಅರ್ಧ ಜಿಲ್ಲೆಯ ಕಳ್ಳರು ಅವನನ್ನು ಕಂಡರೆ ಈಗಲೂ ನಮಸ್ಕಾರ ಮಾಡುತ್ತಾರೆ.

“ಯಾರ ಮ್ಯಾಲ ಸಂಶೆ ನಿಂದು?”

“ಅಯ್ಯಣ್ಣನ ಮಗ ಹಣಮೇಶನ ಮ್ಯಾಲ, ಕಾಕಾ. ಮತ್ತ್ಯಾರು?”

“ಹೆತ್ತ ಅಪ್ಪನ್ನ ಲಂಚ ಕೊಡಾವ ಅಂತ ತೋರ್ಸತಾನೇನು ಅಂವ? ಇದ್ರಾಗ ನೀನೂ ಮುಳಗತಿ, ಅಯ್ಯಣ್ಣನೂ ಮುಳಗತಾನ. ಇಬ್ಬರೂ ಮುಳಗಿದ್ರ ತೇಲಾವ ಯಾವ?”

ಭಿಕ್ಷೆಯ ದಿನ ಜೊತೆಗೆ ಯಾರಿದ್ದರು ಎಂದು ದ್ಯಾವಪ್ಪ ಕೇಳಿದ. ಹೇಳಿದಳು: ಅವಳ ಲೈವ್ ಹಿಡಿಯುವ ಫಿರೋಜ್, ಪೇಜಿಗೆ ಬರೆದುಕೊಡುವ ಅರ್ಜುನ. ಮೂವರೂ ಈ ವರ್ಷ ಫಕೀರರಾಗಿದ್ದರು. ಮುಂದೆ ಹಲಗೆ ಬಾರಿಸುತ್ತ ಫಿರೋಜ್, ನಡುವೆ ಅವಳು, ಹಿಂದೆ ಅರ್ಜುನ. ಇಬ್ಬರೂ ತಮ್ಮಂದಿರಿದ್ದ ಹಾಗೆ, ಅವರ ಸುದ್ದಿ ಬೇಡ ಎಂದಳು. ಬೀದಿ ತುಂಬ ಮೊಬೈಲ್ ಎತ್ತಿದವರೇ ಇದ್ದರಲ್ಲ.

ದ್ಯಾವಪ್ಪ ಹೆಬ್ಬೆರಳಿನಿಂದ ಪರದೆಯ ಮೇಲೆ ಅವಳ ಮುಖ ಮುಚ್ಚಿ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದ. ಆಮೇಲೆ ರುಮಾಲು ಸುತ್ತಿಕೊಂಡು ಎದ್ದ.

“ನಡಿ. ಸಭಾದಾಗ ಹೇಳ್ತೀನಿ.”

ಬೇವಿನ ಗಿಡದ ಕೆಳಗೆ ಕುರ್ಚಿಗಳು ಖಾಲಿ ಬಿದ್ದಿದ್ದವು. ಸುರಪುರದಿಂದ ಬಂದ ಅಧಿಕಾರಿ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಓಣಿಯವರು ದೂರದಲ್ಲಿ ಗೋಡೆಗೆ ಆತು ನಿಂತಿದ್ದರು, ಹತ್ತಿರ ಬರುತ್ತಿರಲಿಲ್ಲ. ಮೈಕು ಅರ್ಜುನನ ಕೈಯಲ್ಲಿತ್ತು. ಅಕ್ಕ ದುಡುಕಿದಳು, ಸಭೆ ಇನ್ನೊಂದು ದಿನ ಆಗಲಿ, ಮುಂದೆ ಪೇಜ್ ತಾನೇ ನೋಡಿಕೊಳ್ಳುತ್ತೇನೆ ಎಂದು ಬಹಳ ನೊಂದವನ ಹಾಗೆ ಹೇಳುತ್ತಿದ್ದ.

ದ್ಯಾವಪ್ಪ ಮೈಕು ಇಸಿದುಕೊಂಡ. ಫಿರೋಜನಿಗೆ ಲೈವ್ ಹಚ್ಚಲು ಹೇಳಿದ.

“ಎಲ್ಲಾರೂ ಈ ಹುಡಿಗಿ ಮಾರಿ ನೋಡೀರಿ. ನಾ ಅಯ್ಯಣ್ಣನ ಕೈ ನೋಡೀನಿ. ಒಂದು ಪೊಟ್ಟಣ ಕೊಟ್ಟ. ಆಮ್ಯಾಲ ಇನ್ನೊಂದು ತಗೊಂಡು ಮುಂದ ಕೈ ಚಾಚಿದ. ಯಾರಿಗಿ?”

ಅವನು ಮೊಬೈಲ್ ಎತ್ತಿ ಎಲ್ಲರ ಕಡೆ ತಿರುಗಿಸಿದ.

“ವಿಡಿಯೋ ಹಿಡದಾವಗ. ಲಂಚ ಕೊಡಾವ ಮೊಬೈಲ್ ಹಿಡದಾವನ ಕೈಯಾಗೂ ಒಂದು ಪೊಟ್ಟಣ ಇಡ್ತಾನೇನ್ರಿ? ಸಾಲಾಗಿ ನಿಂತವರಿಗಿ ಒಬ್ಬರಾದ ಮ್ಯಾಲ ಒಬ್ಬರಿಗಿ ಕೊಡೂದು ಫಕೀರರ ಭಿಕ್ಷಾ. ಹಿಡದಾವನೂ ಫಕೀರನೇ, ಸಾಲಿನ್ಯಾಗ ಇಕಿ ಆದ ಮ್ಯಾಲ ಬಾಜೂಕ ನಿಂತಾವ. ಫಿರೋಜ್ ಮುಂದಿದ್ದ, ಎರಡೂ ಕೈಯಾಗ ಹಲಗಿ. ಉಳದಾವ ಯಾರು, ಅರ್ಜುನ? ಕತ್ತರಿಸುವಾಗ ನೀನೂ ಇಕಿ ಮಾರಿನೇ ನೋಡಿದಿ, ಆ ಕೈ ಉಳದಿದ್ದು ಕಾಣಲಿಲ್ಲ.”

ಮಲ್ಲೇಶ್ವರಿ ಅರ್ಜುನನ ಕಡೆ ತಿರುಗಿದಳು. ಅರ್ಜುನ ಇಲ್ಲ ಎನ್ನಲು ಬಾಯಿ ತೆರೆದ, ಅವಳ ಮುಖ ನೋಡಿ ತಲೆ ತಗ್ಗಿಸಿದ.

“ಪೇಜಿಗಿ ಎಲ್ಲಾ ಬರದಾವ ನಾನು. ಊರಿಗೂರೇ ಮಲ್ಲೇಶ್ವರಿ, ಮಲ್ಲೇಶ್ವರಿ ಅಂತು. ಬರೂ ಇಲೆಕ್ಷನ್‌ನ್ಯಾಗ ನಾ ನಿಲ್ಲಾಂವ ಇದ್ದೆ. ನೀನೂ ಅಯ್ಯಣ್ಣನೂ ಅಡ್ಡ ಇರಬಾರದಿತ್ತು.”

ಗೋಡೆಯ ಬಳಿಯಿಂದ ಯಾರೋ ಅವನನ್ನು ಹೊಡೆಯಲು ನುಗ್ಗಿದರು. ಮಲ್ಲೇಶ್ವರಿ ಅಡ್ಡ ನಿಂತಳು. ಅವಳಿಗೂ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟಿತ್ತು, ಸುಳ್ಳೇಕೆ. ಆದರೆ ಸಭೆ ಮುರಿದರೆ ಅವನೇ ಗೆದ್ದ ಹಾಗೆ.

“ಪೂರಾ ವಿಡಿಯೋ ನಿನ್ನ ಹಂತೇಕ ಐತಿ. ನೀನೇ ಹಾಕು. ನಿನ್ನ ಹೆಸರಿನ ಮ್ಯಾಲೇ ಹಾಕು.”

ಅವನು ಹಾಕಿದ. ಹಲಗೆಯ ಸದ್ದು, ಬರಿಗಾಲು, ಕೆಂಪು ಲಾಡಿ, ಎಲ್ಲ ಇದ್ದವು. ಊರಿನ ಮೊಬೈಲುಗಳಲ್ಲಿ ಆ ಹಲಗೆ ಒಂದಾದ ಮೇಲೊಂದು ಬಾರಿಸತೊಡಗಿತು. ಗೋಡೆ ಬಿಟ್ಟು ಮೊದಲು ಬಂದವಳು ಖಾಸಿಂಬೀ. ಮುಂದಿನ ಕುರ್ಚಿಯಲ್ಲೇ ಕೂತಳು. ಅವಳ ಹಿಂದೆ ಓಣಿಗೆ ಓಣಿಯೇ ಬಂತು, ಕುರ್ಚಿ ಸಾಲದೆ ನೆಲದ ಮೇಲೆ ಕೂತರು.

ಮೊದಲ ನಳ ಅಂಬಿಗರ ಓಣಿಗೆ ಎಂಬ ಠರಾವಿಗೆ ಎದ್ದ ಕೈಗಳನ್ನು ಎಣಿಸಲು ಹೋದ ಅಧಿಕಾರಿ ನಡುವೆಯೇ ಬಿಟ್ಟು, ಆಯಿತು, ಪಾಸ್ ಎಂದಳು. ಅಯ್ಯಣ್ಣ ಸಹಿ ಹಾಕಿದ. ಸಾವಿರಾರು ಮಂದಿ ನೋಡುತ್ತಿರುವಾಗ ಪೆನ್ನು ಸಿಗಲಿಲ್ಲ ಅನ್ನುವ ಹಾಗಿರಲಿಲ್ಲ.

ಮಲ್ಲೇಶ್ವರಿ ಕಣ್ಣೊರೆಸಿಕೊಂಡು ಲೈವ್ ನಿಲ್ಲಿಸಲು ಕೈ ಚಾಚಿದಳು. ಖಾಸಿಂಬೀ ಅವಳ ಮಣಿಕಟ್ಟು ಹಿಡಿದಳು.

“ಬಂದ್ ಮಾಡಬ್ಯಾಡ ಬೇಟಿ. ನಳದಾಗ ನೀರು ಬರೂತನಕ ಚಾಲೂ ಇರ್ಲಿ.”